ಕಾಶಿಯಲ್ಲಿ ಯಾವ ಕಡೆ ಇಳಿದುಕೊಳ್ಳಬೇಕು?

ಪ್ರಶ್ನೆ: ಮಾರ್ಗಶಿರ ಮಾಸದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಕಾಶಿಗೆ ಹೊರಟಿದ್ದೇವೆ. ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳು ಮತ್ತು 76 ವರ್ಷದ ಅತ್ತೆಯವರು. ಅತ್ತೆಯವರಿಗೆ ಮಂಡಿನೋವಿದ್ದರೂ ದಿನವೂ ಗಂಗಾಸ್ನಾನ ಮಾಡಬೇಕೆಂಬ ಆಸೆಯಿದೆ. ದೇವಸ್ಥಾನದ ಪಕ್ಕದಲ್ಲೇ ಉಳಿಯಿರಿ ಎಂದು ಕೆಲವರೂ, ಕಂಟೋನ್ಮೆಂಟ್ ಕಡೆ ಒಳ್ಳೆಯ ಹೋಟೆಲುಗಳಿವೆ ಎಂದು ಕೆಲವರೂ ಹೇಳುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಅತ್ತೆಯವರ ಮಂಡಿಯನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ಸರಿಯಲ್ಲ. ನೀವು ಅಸ್ಸಿ ಘಾಟಿನ ಕಡೆ ಕೋಣೆ ಹಿಡಿಯುವುದು ಮೇಲು.

ಕಾಶಿಯ ಘಾಟುಗಳು ದಕ್ಷಿಣದ ಅಸ್ಸಿಯಿಂದ ಉತ್ತರದ ಆದಿಕೇಶವದವರೆಗೆ ಗಂಗೆಯ ಪಶ್ಚಿಮ ದಂಡೆಯಲ್ಲಿ ಸಾಲಾಗಿ ಹಬ್ಬಿವೆ. ವಿಶ್ವನಾಥನ ಗುಡಿ, ಅನ್ನಪೂರ್ಣೆಯ ಗುಡಿ, ಸಂಜೆಯ ದೊಡ್ಡ ಆರತಿ ನಡೆಯುವ ದಶಾಶ್ವಮೇಧ ಘಾಟ್ ಎಲ್ಲವೂ ನಡುಭಾಗದಲ್ಲಿ, ಗೊದೌಲಿಯಾ ವೃತ್ತದ ಆಸುಪಾಸಿನಲ್ಲಿವೆ. ಎಲ್ಲವೂ ಕಾಲಳತೆಯಲ್ಲಿರುವುದರಿಂದ ಅಲ್ಲಿಯೇ ಇಳಿದುಕೊಳ್ಳಬೇಕೆಂದು ಅನ್ನಿಸುವುದು ಸಹಜ. ಆದರೆ ಆ ಭಾಗದಲ್ಲಿ ಹಗಲು ಹೊತ್ತು ವಾಹನಗಳಿಗೆ ನಿರ್ಬಂಧವಿರುತ್ತದೆ, ವೃತ್ತದಿಂದ ಮುಂದೆ ಗಲ್ಲಿಗಳಲ್ಲಿ ನಡೆದೇ ಹೋಗಬೇಕು. ಅಲ್ಲಿನ ದೂರವನ್ನು ಮೀಟರಿನಲ್ಲಿ ಅಳೆಯುವುದೇ ತಪ್ಪು. ನಮ್ಮ ತಂದೆಯವರನ್ನು ಕರೆದುಕೊಂಡು ಹೋದಾಗ ‘ದೇವಸ್ಥಾನದಿಂದ 200 ಮೀಟರ್, ಗಂಗಾ ದರ್ಶನದ ಕೋಣೆ’ ಎಂಬ ಮಾತನ್ನು ನಂಬಿ ಒಂದು ವಸತಿಗೃಹ ಗೊತ್ತುಮಾಡಿದ್ದೆ. ಎರಡು ತೋಳು ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಕಿರಿದಾದ ಗಲ್ಲಿಯಲ್ಲಿ ಒಂದು ಗೂಳಿ ಅಡ್ಡ ಮಲಗಿತ್ತು. ಅದು ತಾನಾಗಿ ಏಳುವವರೆಗೆ ನಮ್ಮ ಹಿಂದೆ ಬಂದವರೆಲ್ಲ ನಿಂತರು. ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಗಂಗೆಯೇನೋ ಕಾಣುತ್ತಿತ್ತು, ಆದರೆ ತಂದೆಯವರು ಆ ಮೂರು ದಿನಗಳಲ್ಲಿ ಕೆಳಗಿಳಿದದ್ದು ಎರಡೇ ಸಲ.

ಕಂಟೋನ್ಮೆಂಟ್ ಇದಕ್ಕೆ ತದ್ವಿರುದ್ಧ. ರೈಲು ನಿಲ್ದಾಣ ಹತ್ತಿರ, ರಸ್ತೆ ಅಗಲ, ಹೋಟೆಲಿನ ಬಾಗಿಲಿಗೇ ಕಾರು ಬರುತ್ತದೆ. ಸಾರನಾಥಕ್ಕೂ ಬಾಬತ್‌ಪುರದ ವಿಮಾನ ನಿಲ್ದಾಣಕ್ಕೂ ಹೋಗಿಬರುವುದು ಅಲ್ಲಿಂದ ಸುಲಭ. ಆದರೆ ಗಂಗೆ ಐದಾರು ಕಿಲೋಮೀಟರ್ ದೂರ. ದಿನವೂ ಬೆಳಗಿನ ಜಾವ ಒದ್ದೆ ಬಟ್ಟೆಯ ಚೀಲ ಹಿಡಿದು ಆ ದೂರ ಓಡಾಡಿದರೆ ಎರಡನೆಯ ದಿನಕ್ಕೇ ಸ್ನಾನದ ಸಂಕಲ್ಪ ಸಡಿಲವಾಗುತ್ತದೆ.

ವಿಶ್ವನಾಥನ ದರ್ಶನ ನಿಮಗೆ ನಾಲ್ಕು ದಿನಗಳಲ್ಲಿ ಒಂದೆರಡು ಬಾರಿ ಆಗಬಹುದು, ಗಂಗೆಯಾದರೋ ದಿನವೂ ಬೇಕು. ಆದ್ದರಿಂದ ಹತ್ತಿರವಿರಬೇಕಾದದ್ದು ಗುಡಿಯಲ್ಲ, ಸ್ನಾನಘಟ್ಟ. ಅಸ್ಸಿಯಲ್ಲಿ ಆಟೋ ಹೆಚ್ಚುಕಡಿಮೆ ಘಾಟಿನ ತಲೆಯವರೆಗೂ ಬರುತ್ತದೆ, ಮೆಟ್ಟಿಲುಗಳು ಅಗಲವಾಗಿವೆ, ನಡುನಡುವೆ ಕುಳಿತು ಸುಧಾರಿಸಿಕೊಳ್ಳಲು ಜಾಗವಿದೆ. ಸೂರ್ಯೋದಯಕ್ಕೆ ಮುಂಚೆ ಅಲ್ಲಿಯೂ ಆರತಿಯಾಗಿ, ಬಳಿಕ ಶಾಸ್ತ್ರೀಯ ಸಂಗೀತ ನಡೆಯುತ್ತದೆ. 2014ರಲ್ಲಿ ಆರಂಭವಾದ ಈ ‘ಸುಬಹ್-ಎ-ಬನಾರಸ್’ಗೆ ಸಂಜೆಯ ಆರತಿಯಷ್ಟು ನೂಕುನುಗ್ಗಲು ಇರುವುದಿಲ್ಲ. ದುರ್ಗಾಕುಂಡ, ತುಳಸಿ ಮಾನಸ ಮಂದಿರ, ಸಂಕಟಮೋಚನ ಹನುಮಂತನ ಗುಡಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಹೊಸ ವಿಶ್ವನಾಥ ಮಂದಿರ, ಇವೆಲ್ಲವೂ ಅದೇ ಭಾಗದಲ್ಲಿರುವುದರಿಂದ ಒಂದೇ ಆಟೋ ಗೊತ್ತುಮಾಡಿಕೊಂಡು ಒಂದು ಬೆಳಗ್ಗೆ ಮುಗಿಸಬಹುದು. ಘಾಟಿಗೆ ಎದುರಾದ ಕೋಣೆ ಬೇಡ. ವಿದ್ಯಾರ್ಥಿಗಳೂ ಚಹಾದ ಅಂಗಡಿಗಳೂ ತುಂಬಿದ ಜಾಗವಾದ್ದರಿಂದ ರಾತ್ರಿ ತಡವಾಗುವವರೆಗೆ ಗದ್ದಲವಿರುತ್ತದೆ. ಒಂದು ರಸ್ತೆ ಹಿಂದೆ, ನೆಲಮಹಡಿಯಲ್ಲಿ ಹಿಡಿಯಿರಿ.

ಹಳೆಯ ವಿಶ್ವನಾಥನ ಗುಡಿ ಅಲ್ಲಿಂದ ಸುಮಾರು 3 ಕಿಲೋಮೀಟರ್. ಬೆಳಗಿನ ಜಾವ ಮೂರು ಗಂಟೆಯ ಮಂಗಳಾರತಿಗೆ ಹೋಗುವುದಾದರೆ ರಸ್ತೆ ಖಾಲಿಯಿರುತ್ತದೆ. ಆ ಹೊತ್ತಿಗೆ ಬರುವ ಆಟೋವನ್ನು ಹಿಂದಿನ ದಿನವೇ ಹೇಳಿಟ್ಟುಕೊಳ್ಳಬೇಕು. ಸಂಜೆಯ ಆರತಿಗೆ ದಶಾಶ್ವಮೇಧದ ಜನಜಂಗುಳಿಯಲ್ಲಿ ಅತ್ತೆಯವರನ್ನು ನಿಲ್ಲಿಸುವುದಕ್ಕಿಂತ ಅಸ್ಸಿಯಲ್ಲೇ ದೋಣಿ ಹತ್ತಿ, ನೀರಿನ ಮೇಲೆ ಕುಳಿತೇ ನೋಡಬಹುದು.

ಇನ್ನೊಂದು ಜಾಗವನ್ನೂ ಹೇಳಿಬಿಡುತ್ತೇನೆ. ಅಸ್ಸಿಗೂ ದಶಾಶ್ವಮೇಧಕ್ಕೂ ನಡುವೆ ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತಲಿನ ಕೇರಿಗಳು ಬಹಳ ಹಿಂದಿನಿಂದಲೂ ದಕ್ಷಿಣದವರ ನೆಲೆ. ಮೈಸೂರು ಸಂಸ್ಥಾನದ ಹೆಸರು ಹೊತ್ತಿದ್ದು ಈಗ ಕರ್ನಾಟಕ ಘಾಟ್ ಎನಿಸಿಕೊಂಡಿರುವ ಘಾಟು ಇರುವುದೂ ಅಲ್ಲಿಯೇ. ಕನ್ನಡ, ತೆಲುಗು, ತಮಿಳು ಬಲ್ಲ ಪುರೋಹಿತರು ಸಿಗುತ್ತಾರೆ, ಇಡ್ಲಿಯೂ ಅನ್ನ ಸಾರೂ ಸಿಗುತ್ತವೆ. ಪಿತೃಕಾರ್ಯ ಮಾಡಿಸುವ ಉದ್ದೇಶವಿದ್ದರೆ ನಾನು ಅಸ್ಸಿಯನ್ನು ಬಿಟ್ಟು ಇದನ್ನೇ ಹೇಳುತ್ತಿದ್ದೆ. ಆದರೆ ಕೇದಾರ ಘಾಟಿನ ಮೆಟ್ಟಿಲುಗಳು ಕಡಿದು. ಇಳಿಯುವಾಗ ತೋರದ ಕಷ್ಟ ಮಿಂದು ಹತ್ತುವಾಗ ತಿಳಿಯುತ್ತದೆ. ಜೊತೆಗೆ ಹರಿಶ್ಚಂದ್ರ ಘಾಟಿನ ಚಿತೆಗಳು ಅಲ್ಲಿಗೆ ಸಮೀಪ. ಹಿರಿಯರು ಕೆಲವರು ಅದನ್ನು ಪುಣ್ಯವೆಂದೇ ತಿಳಿಯುತ್ತಾರೆ, ಮಕ್ಕಳು ಹೆದರಲೂಬಹುದು.

ಪ್ರಶ್ನೆ: ನಾವು ಶ್ರಾವಣ ಸೋಮವಾರಕ್ಕೆ ಸರಿಯಾಗಿ ಕಾಶಿಯಲ್ಲಿರಬೇಕೆಂದುಕೊಂಡಿದ್ದೇವೆ. ಘಾಟಿನ ಮೇಲೆಯೇ ಕೋಣೆ ಹಿಡಿಯಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಮಳೆಗಾಲದಲ್ಲಿ ಗಂಗೆ ಏರಿದಾಗ ಕೆಳಗಿನ ಮೆಟ್ಟಿಲುಗಳು ಮುಳುಗಿ, ಒಂದು ಘಾಟಿನಿಂದ ಇನ್ನೊಂದಕ್ಕೆ ದಂಡೆಯ ಮೇಲೆ ನಡೆದುಹೋಗುವ ದಾರಿಯೇ ಇಲ್ಲವಾಗುತ್ತದೆ; ನೀರು ಹೆಚ್ಚಾದರೆ ದೋಣಿಗಳನ್ನೂ ನಿಲ್ಲಿಸುತ್ತಾರೆ. ಅಸ್ಸಿಯ ಬೀದಿಗಳಿಗೇ ನೀರು ನುಗ್ಗಿದ ವರ್ಷಗಳಿವೆ. ದುರ್ಗಾಕುಂಡ ಅಥವಾ ಹಿಂದೂ ವಿಶ್ವವಿದ್ಯಾಲಯದ ಬಳಿಯ ಲಂಕಾ ಎಂಬ ಬಡಾವಣೆಯ ಕಡೆ, ನದಿಯಿಂದ ಒಳಗೆ ಉಳಿಯಿರಿ. ಉತ್ತರದವರ ಮಾಸ ಹುಣ್ಣಿಮೆಯ ಮರುದಿನದಿಂದ ಎಣಿಕೆಯಾಗುವುದರಿಂದ ಅವರ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗಿ, ನಮ್ಮ ಶ್ರಾವಣದ ಹುಣ್ಣಿಮೆಗೇ ಮುಗಿದುಹೋಗುತ್ತದೆ. ಟಿಕೆಟ್ ತೆಗೆಯುವ ಮುನ್ನ ಅಲ್ಲಿನ ಪಂಚಾಂಗದ ಸೋಮವಾರಗಳನ್ನು ಕೇಳಿ ಗುರುತು ಹಾಕಿಕೊಳ್ಳಿ.