ಆಗಮನ ಕಾಲದಲ್ಲಿ ಮನಸ್ಸಿಗೆ ನೆಮ್ಮದಿಯೇ ಇಲ್ಲದಿದ್ದರೆ ಏನು ಮಾಡಬೇಕು?

"ಆಗಮನ ಕಾಲ ಶುರುವಾಗಿದೆ, ಎಲ್ಲರೂ ಕ್ರಿಸ್ಮಸ್ ಸಂಭ್ರಮದಲ್ಲಿದ್ದಾರೆ. ನನಗೆ ಭರವಸೆಯೂ ಇಲ್ಲ, ನೆಮ್ಮದಿಯೂ ಇಲ್ಲ. ನನ್ನ ನಂಬಿಕೆ ಕಮ್ಮಿಯಾ?" ಅಂತ ಕೇಳಿದ್ದೀರಿ.

ಖಂಡಿತ ಅಲ್ಲ. ಅಪ್ಪ ತೀರಿಕೊಂಡ ವರ್ಷ ನಾನೂ ಇದನ್ನೇ ಕೇಳಿಕೊಂಡಿದ್ದೆ.

ಕ್ರಿಸ್ಮಸ್‌ಗೆ ಮುಂಚಿನ ಈ ನಾಲ್ಕು ಭಾನುವಾರಗಳು ಕಾಯುವುದಕ್ಕೆ ಇರುವಂಥವು. ಪಾದ್ರಿಗಳು ನೇರಳೆ ಬಣ್ಣದ ವಸ್ತ್ರ ಹಾಕುತ್ತಾರೆ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಅನ್ನುವ ಸ್ತುತಿಗೀತೆ ಹಾಡುವುದಿಲ್ಲ, ಅದನ್ನು ಕ್ರಿಸ್ಮಸ್ ರಾತ್ರಿಗೆ ಇಟ್ಟುಕೊಂಡಿರುತ್ತಾರೆ. ಹಸಿರೆಲೆಯ ಚಕ್ರದಲ್ಲಿ ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಇಟ್ಟಿರುತ್ತಾರೆ; ಮೊದಲ ವಾರ ಒಂದನ್ನೇ ಹಚ್ಚುತ್ತಾರೆ, ಮೂರು ಹಾಗೇ ಇರುತ್ತವೆ. ಸಂಭ್ರಮ ಇನ್ನೂ ಬಂದಿಲ್ಲ ಅಂತ ದೇವಾಲಯವೇ ಹೇಳುತ್ತಿರುವಾಗ ನಿಮಗೆ ಬಂದಿಲ್ಲದಿದ್ದರೆ ತಪ್ಪೇನು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ನಾನಿಕ ಯೋಹಾನ. ಬರಬೇಕಾದವರು, ಅಂದರೆ ಜನ ಕಾಯುತ್ತಿದ್ದ ರಕ್ಷಕ, ಬರುತ್ತಿದ್ದಾರೆ ಅಂತ ಯೊರ್ದಾನ್ ನದಿಯ ಹತ್ತಿರ ಕೂಗಿ ಹೇಳಿದವರೇ ಅವರು. ಆಮೇಲೆ ದೊರೆ ಹೆರೋದ ಅವರನ್ನು ಸೆರೆಗೆ ಹಾಕಿದ. ಅಲ್ಲಿಂದ ಶಿಷ್ಯರನ್ನು ಕಳಿಸಿ ಯೇಸುವನ್ನು ಕೇಳಿಸುತ್ತಾರೆ: ಬರಬೇಕಾದವರು ನೀವೇನಾ, ಇಲ್ಲ ಬೇರೆಯವರಿಗೆ ಕಾಯಬೇಕಾ? ಬೈಬಲ್‌ನಲ್ಲಿ ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ನೋಡಿ. ಯೇಸು ಬೈಯುವುದಿಲ್ಲ. ಕುರುಡರಿಗೆ ಕಣ್ಣು ಬಂದಿದೆ, ಕುಂಟರು ನಡೆಯುತ್ತಿದ್ದಾರೆ, ಕಂಡಿದ್ದನ್ನು ಹೋಗಿ ಹೇಳಿ ಅನ್ನುತ್ತಾರೆ. ಅವರು ಹೋದ ಮೇಲೆ, ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಯೋಹಾನನಿಗಿಂತ ದೊಡ್ಡವರಿಲ್ಲ ಅಂತ ಜನರ ಮುಂದೆ ಹೊಗಳುತ್ತಾರೆ. ಅಷ್ಟು ಅನುಮಾನಪಟ್ಟ ಮೇಲೂ! ಕಥೋಲಿಕ ದೇವಾಲಯಗಳಲ್ಲಿ ಮೂರು ವರ್ಷಕ್ಕೊಮ್ಮೆ ಇದನ್ನು ಓದುವುದು ಮೂರನೇ ಭಾನುವಾರ. ಅಂದರೆ ಗುಲಾಬಿ ಬಣ್ಣದ ಬತ್ತಿ ಹಚ್ಚುವ, ಸಂತೋಷದ ಭಾನುವಾರವೇ. ಇದು ಗೊತ್ತಾದ ದಿನ ನಾನು ಕೂತು ಅತ್ತುಬಿಟ್ಟೆ.

ಆ ವರ್ಷ ನಾನು ಮಾಡಿದ್ದು ತುಂಬಾ ಚಿಕ್ಕ ಕೆಲಸ. ರಾತ್ರಿ ಮಲಗುವ ಮುಂಚೆ ಫೋನ್ ಬೇರೆ ಕೋಣೆಯಲ್ಲಿಟ್ಟು, ಲೈಟ್ ಆರಿಸಿ, ಒಂದು ಮೇಣದಬತ್ತಿ ಹಚ್ಚಿ ಹತ್ತು ನಿಮಿಷ ಸುಮ್ನೆ ಕೂರುತ್ತಿದ್ದೆ. ಮೊದಲ ದಿನಗಳಲ್ಲಿ ಪ್ರಾರ್ಥನೆ ಬಾಯಿಗೆ ಬರುತ್ತಲೇ ಇರಲಿಲ್ಲ. ಆಗ ಬೈಬಲ್‌ನ 13ನೇ ಕೀರ್ತನೆ ಓದುತ್ತಿದ್ದೆ. ಆರೇ ವಚನ. ಮೊದಲ ಎರಡರಲ್ಲೇ "ಇನ್ನೆಷ್ಟು ಕಾಲ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರ ಹತ್ತಿರ ಹಾಗೆಲ್ಲ ಕೇಳಬಹುದು ಅಂತ ಗೊತ್ತಾದಾಗಲೇ ನನಗೆ ಸ್ವಲ್ಪ ಉಸಿರಾಡಲು ಆಗಿದ್ದು. ಊಟ, ನಿದ್ದೆ ಎರಡೂ ಬಿಟ್ಟುಹೋಗುವಷ್ಟು ಬೇಸರ ನಿಮಗಿದ್ದರೆ ಮಾತ್ರ ದಯವಿಟ್ಟು ಡಾಕ್ಟರ ಹತ್ತಿರವೂ ಮಾತಾಡಿ. ಅದಕ್ಕೂ ಪ್ರಾರ್ಥನೆಗೂ ಜಗಳವಿಲ್ಲ.

ನಾಲ್ಕನೇ ವಾರದ ಹೊತ್ತಿಗೆ ಮೊದಲ ಬತ್ತಿ ಎಲ್ಲಕ್ಕಿಂತ ಗಿಡ್ಡವಾಗಿತ್ತು, ಮೇಣ ಇಳಿದು ತಟ್ಟೆಗೆ ಅಂಟಿಕೊಂಡಿತ್ತು. ಅಪ್ಪನ ಹೆಸರು ಹೇಳಿ ಹಚ್ಚಿದ್ದು ಅದನ್ನೇ. ಕ್ರಿಸ್ಮಸ್ ರಾತ್ರಿ ಗ್ಲೋರಿಯಾ ಶುರುವಾದಾಗ ಗಂಟಲು ಕಟ್ಟಿ ಅರ್ಧವಷ್ಟೇ ಹಾಡಿದೆ. ಉಳಿದರ್ಧವನ್ನು ಪಕ್ಕದಲ್ಲಿ ನಿಂತವರು ಹಾಡಿದರು. ನಿಮಗೂ ಹಾಡಲು ಆಗದಿದ್ದರೆ ಪರವಾಗಿಲ್ಲ, ಹೋಗಿ ಅವರ ಜೊತೆ ನಿಂತುಕೊಳ್ಳಿ.