ಕಿಡ್ನಿ ದಾನಿಗೆ ಪೂರ್ಣ ಅರಿವಳಿಕೆಯೇ ಬೇಕೇ, ಬೆನ್ನಿಗೆ ಇಂಜೆಕ್ಷನ್ ಸಾಲದೇ?

ತಂಗಿಗೆ ಕಿಡ್ನಿ ಕೊಡಲು ಹೆದರಿಕೆಯಿಲ್ಲ, ಪ್ರಜ್ಞೆ ತಪ್ಪಿಸುತ್ತಾರಲ್ಲ ಎಂಬುದೇ ಹೆದರಿಕೆ ಎಂದಿದ್ದೀರಿ. ತಮ್ಮನಿಗೆ ಕೊಡುವ ಮುನ್ನ ನಾನೂ ಅರಿವಳಿಕೆ ತಜ್ಞೆಯನ್ನು ಇದೇ ಪ್ರಶ್ನೆ ಕೇಳಿ ಕಾಡಿದ್ದೆ. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಮಗ್ಗುಲಾಗಿ ಮಲಗಿಸಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರಾಟಕ್ಕೆ ನೆರವಾಗುವ ಸ್ನಾಯುಪರದೆಯಾದ ವಪೆ ಮೇಲಕ್ಕೆ ಒತ್ತಲ್ಪಡುತ್ತದೆ. ಆ ಸ್ಥಿತಿಯಲ್ಲಿ ಗಂಟೆಗಟ್ಟಲೆ ಎಚ್ಚರವಾಗಿದ್ದು ಉಸಿರಾಡುವುದು ಹಿಂಸೆ; ಆದ್ದರಿಂದ ಉಸಿರುನಾಳಕ್ಕೆ ಕೊಳವೆ ಇಟ್ಟು ಪೂರ್ಣ ಅರಿವಳಿಕೆ ಕೊಡುವುದೇ ವಾಡಿಕೆ. ಅನಿಲದ ಒತ್ತಡಕ್ಕೆ ಕಿಡ್ನಿಯ ರಕ್ತಸಂಚಾರವೂ ತಗ್ಗುತ್ತದೆ. ಅದಕ್ಕೇ ಸಾಕಷ್ಟು ಡ್ರಿಪ್ ಕೊಟ್ಟು, ಮೂತ್ರ ಇಳಿಯುತ್ತಿದೆಯೇ ಎಂದು ನೋಡುತ್ತಲೇ ಇರುತ್ತಾರೆ.

ಅರಿವಳಿಕೆಯಿಂದ ನನಗೆ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಎಚ್ಚರವಾದ ಮೇಲೆ, ಅದೂ ನನ್ನ ಹಠದಿಂದ. ನೋವಿನ ಮಾತ್ರೆ ಕಿಡ್ನಿಗೆ ವಿಷ ಎಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಉಳಿದಿರುವುದು ಒಂದೇ, ಅದನ್ನು ಕಾಪಾಡಿಕೊಳ್ಳಬೇಕೆಂದು, ನರ್ಸ್ ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದಾಗ ಎಂಟಿದ್ದರೂ ಎರಡು ಎಂದೆ. ಮತ್ತೆ ಕೇಳಿದಾಗಲೂ ಎರಡೇ. ಎರಡು ಎಂದವನಿಗೆ ಎರಡಕ್ಕೆ ತಕ್ಕ ಔಷಧಿಯೇ ತಾನೆ! ಇಲ್ಲಿ ನಾನು ಗೊಂದಲ ಮಾಡಿಕೊಂಡದ್ದು ಇಷ್ಟು: ದಾನಿಗಳಿಗೆ ಸಾಮಾನ್ಯವಾಗಿ ಬೇಡವೆನ್ನುವುದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪನ್ನು. ಪ್ಯಾರಾಸಿಟಮಾಲ್, ಫೆಂಟನಿಲ್ ಎಂಬ ಬಲವಾದ ನೋವುನಿವಾರಕ, ಹೊಟ್ಟೆಯ ಗೋಡೆಯ ನರಗಳನ್ನು ಮರಗಟ್ಟಿಸುವ ಬ್ಲಾಕ್ ಆ ಗುಂಪಿಗೆ ಸೇರಿದವಲ್ಲ. ನಾನು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದ್ದೆ. ನೋವಿಗೆ ಹೆದರಿ ಕೆಮ್ಮಲಿಲ್ಲ, ಆಳವಾಗಿ ಉಸಿರೆಳೆಯಲಿಲ್ಲ, ಎದ್ದು ನಡೆಯಲಿಲ್ಲ. ಶ್ವಾಸಕೋಶದ ತಳಭಾಗ ಮುದುಡಿ ಸೋಂಕು ಹತ್ತಿತು, ಜ್ವರ ಬಂತು. ಕಿಡ್ನಿ ಪಡೆದ ತಮ್ಮನೇ ನನ್ನ ವಾರ್ಡಿಗೆ ನಡೆದು ಬಂದು ಬೈದು ಹೋದ.

ಅವನಿಗೆ ಔಷಧಿ ಆರಿಸುವುದೇ ನಿಜವಾದ ಕಸರತ್ತಾಗಿತ್ತು. ಕೆಟ್ಟ ಕಿಡ್ನಿ ಮಾರ್ಫಿನ್‌ ಒಡೆದು ಉಂಟಾಗುವ ಅಂಶಗಳನ್ನು ಹೊರಹಾಕಲಾರದು, ಅವು ಮೈಯಲ್ಲೇ ಉಳಿದು ಉಸಿರು ಕುಗ್ಗಿಸಬಹುದು. ಹಾಗಾಗಿ ಅವನಿಗೆ ಫೆಂಟನಿಲ್. ಸ್ನಾಯು ಸಡಿಲಿಸಲು ಕಿಡ್ನಿಯ ಹಂಗಿಲ್ಲದೆ ರಕ್ತದಲ್ಲಿ ತಾನಾಗಿ ಒಡೆಯುವ ಸಿಸ್‌ಅಟ್ರಾಕ್ಯೂರಿಯಂ. ಆರೋಗ್ಯವಂತ ದಾನಿಯಾದ ನಿಮಗೆ ಇಷ್ಟೆಲ್ಲ ಕಟ್ಟುಪಾಡಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಬೆನ್ನಿಗೋ ಪೂರ್ಣವೋ ಎಂಬುದನ್ನು ತಜ್ಞರಿಗೆ ಬಿಡಿ. ಮೊದಲ ರಾತ್ರಿ ನೋವಿಗೆ ಏನು ಕೊಡುತ್ತೀರಿ, ಬ್ಲಾಕ್ ಹಾಕುತ್ತೀರಾ, ಮನೆಗೆ ಹೋದ ಮೇಲೆ ಯಾವ ಮಾತ್ರೆ ಮುಟ್ಟಬಾರದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರ ಭುಜ ನೋಯಬಹುದು. ಹೊಟ್ಟೆಗೆ ತುಂಬಿದ ಅನಿಲ ವಪೆಯನ್ನು ಕೆರಳಿಸಿದ್ದರ ಫಲ ಅದು, ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಆದರೂ ನರ್ಸ್ ಕೇಳಿದಾಗ ಅದನ್ನೂ ಲೆಕ್ಕಕ್ಕೆ ಸೇರಿಸಿಯೇ ಹೇಳಿ.