ಆಕ್ಸಿಲರೇಷನ್ ಅಂದರೆ ಎಂತ?

ಅಮ್ಮನ ಜೊತೆ ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದವನು ಉಡುಪಿ ಹತ್ತಿರದ ಹಳ್ಳಿಯ ಹುಡುಗ. ಫಸ್ಟ್ ಪಿಯುಸಿ, ಸೈನ್ಸ್. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅಮ್ಮ ಕೂರುವ ಮೊದಲೇ ಶುರು ಮಾಡಿದರು. “ಮೇಡಂ, ರಾತ್ರಿ ಎರಡು ಗಂಟೆಯವರೆಗೆ ಗೇಮ್. ಮೊನ್ನೆ ವೈಫೈ ಆಫ್ ಮಾಡಿದ್ದಕ್ಕೆ ಊಟದ ಬಟ್ಟಲು ಬಿಸಾಡಿದ. ಇದು ಕಾಯಿಲೆಯಾ?”

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ಡಿಸಾರ್ಡರ್ ಇದೆ ನಿಜ. ಆದರೆ ಆಟ ಕೈಮೀರಿ, ಬದುಕು ಹಾಳಾಗುತ್ತಿದ್ದರೂ ಬಿಡಲಾಗದೆ, ಸಾಮಾನ್ಯವಾಗಿ 12 ತಿಂಗಳು ಕಳೆದಿರಬೇಕು. ಇವನದ್ದು ನಾಲ್ಕು ತಿಂಗಳು. ಕಾಲೇಜು ಶುರುವಾದ ಮೇಲಿನದ್ದು. ನನಗೆ ಕುತೂಹಲ ಹುಟ್ಟಿದ್ದು ಅಲ್ಲೇ.

ಅಮ್ಮನನ್ನು ಹೊರಗೆ ಕೂರಿಸಿದೆ. ಹುಡುಗ ತುಂಬಾ ಹೊತ್ತು ಚಪ್ಪಲಿ ನೋಡುತ್ತಿದ್ದ. ಆಮೇಲೆ, “ಹತ್ತನೇ ತನಕ ಕನ್ನಡ ಮೀಡಿಯಂ. ಇಲ್ಲಿ ಕ್ಲಾಸಲ್ಲಿ ಎಂತದೂ ಅರ್ಥ ಆಗುದಿಲ್ಲ. ಗೇಮಲ್ಲಿ ಎಲ್ಲರೂ ನಾನು ಹೇಳಿದ್ದು ಕೇಳ್ತಾರೆ” ಎಂದ.

ವೇಗೋತ್ಕರ್ಷ ಅಂದರೇನು ಎಂದು ಕೇಳಿದೆ. ಪಟಪಟನೆ ಹೇಳಿದ. ಆಕ್ಸಿಲರೇಷನ್? ಸುಮ್ಮನಾದ. ಎರಡೂ ಒಂದೇ ಎಂದಾಗ ಅವನ ಮುಖ ನೋಡಬೇಕಿತ್ತು. (ನಾನೂ ಕನ್ನಡ ಮೀಡಿಯಂನವಳೇ. ಆ ಹಿಂದಿನ ಬೆಂಚು ನನಗೂ ಗೊತ್ತು.)

ಸಾಯಬೇಕು ಅನಿಸಿತ್ತಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದ. ಆದರೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರಿಗೂ ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಫೋನ್ ಕಿತ್ತುಕೊಳ್ಳಬೇಡಿ ಎಂದಾಗ ಅಮ್ಮನಿಗೆ ಸಿಟ್ಟೇ ಬಂತು. ಆದರೆ ಅಪ್ಪ ಇರುವುದು ದುಬೈಯಲ್ಲಿ, ಮಗನ ಜೊತೆ ಮಾತು ಅದೇ ಫೋನಿನಲ್ಲಿ. ಅವರು ಕರೆ ಮಾಡುವುದು ನಮ್ಮ ರಾತ್ರಿ ಹತ್ತೂವರೆಗೆ. ಮಾತು ಮುಗಿದ ಮೇಲೆ ಫೋನ್ ಕೈಯಲ್ಲೇ ಉಳಿಯುತ್ತದೆ, ಗೇಮ್ ಶುರುವಾಗುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಎಂಟಾದಾಗಲೇ ಮಾಡಲಿ, ಇಲ್ಲಿ ಒಂಬತ್ತೂವರೆ ಎಂದೆ. ಹತ್ತಕ್ಕೆ ಎಲ್ಲರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ. ಅಮ್ಮನದ್ದೂ. ಸಂಜೆ ಚಾ ಆದಮೇಲೆ ಒಂದು ಗಂಟೆ ಆಡಲಿ, ಆಟದ ನಡುವೆ ಎಳೆಯಬೇಡಿ, ಜಗಳ ಹುಟ್ಟುವುದೇ ಅಲ್ಲಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಬೆಳಿಗ್ಗೆ ಆರೂವರೆಗೆ ಏಳಬೇಕು.

ಹುಡುಗನಿಗೆ ಒಂದೇ ಕೆಲಸ: ದಿನಕ್ಕೆ ಹತ್ತು ಪದ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಫಿಸಿಕ್ಸ್ ಲೆಕ್ಚರರ್ ಜೊತೆ ನಾನೇ ಮಾತಾಡಿದೆ, ಅವನ ಒಪ್ಪಿಗೆ ಕೇಳಿಯೇ.

ದಸರಾ ರಜೆಯಲ್ಲಿ ಮತ್ತೆ ಎರಡು ಗಂಟೆಯವರೆಗೆ ಆಡಿದ. ಅಮ್ಮ ಫೋನ್ ಮಾಡಿ ಅತ್ತರು. ರಜೆಯಲ್ಲಿ ಹೀಗಾಗುವುದುಂಟು, ಆರೂವರೆಗೆ ಏಳಿಸುವುದನ್ನು ಮಾತ್ರ ಬಿಡಬೇಡಿ ಎಂದೆ. ಕಳೆದ ವಾರ ಬಂದಾಗ ಪದಗಳ ಪುಸ್ತಕ ತಂದಿದ್ದ, ಅರ್ಧ ತುಂಬಿದೆ. ಫಿಸಿಕ್ಸ್ ಟೆಸ್ಟಿನಲ್ಲಿ ಇನ್ನೂ ಪಾಸಾಗಿಲ್ಲ. ಎರಡು ವಾರ ಬಿಟ್ಟು ಬರಲು ಹೇಳಿದ್ದೇನೆ.